ಪಡುವಲು: ಕಾಟುಮಾವು

ಕುಂಬಳೆಯಲ್ಲಿ, ವಿಲೇಜಾಫೀಸಿನ ಎದುರು,
ಜೆರಾಕ್ಸ್ ಅಂಗಡಿಯ ಜಗಲಿಯಲ್ಲಿ ನನ್ನದೊಂದು ಮೇಜು.
ಒಂದು ಕಾಲಿಗೆ ಓಡಿನ ತುಂಡು ಕೊಟ್ಟಿದ್ದೇನೆ.
ಅರ್ಜಿಗೆ ಐವತ್ತು. ಕನ್ನಡದಲ್ಲಿ ಹೇಳಿ
ಮಲಯಾಳದಲ್ಲಿ ಬೇಕಾದರೆ ಎಪ್ಪತ್ತು.
ಬಸ್ಸಿನ ಬೋರ್ಡು ಓದಿ ಕಲಿತ ಮಲಯಾಳ; ತಪ್ಪಿದ್ದರೆ
ಗುಮಾಸ್ತರೇ ತಿದ್ದಿಕೊಳ್ಳುತ್ತಾರೆ.

ಮೊದಲು ಬಂದವಳು ಸಿಸಿಲಿಯಾ ಕ್ರಾಸ್ತಾ.
ಕೊಡೆ ಮಡಚಿ, ಕುರ್ಚಿ ಒರೆಸಿ, ಕೂತು
"ಬರೆಯಿರಿ" ಅಂದಳು. "ಹದಿನಾಲ್ಕು ಲಕ್ಷ ಸುರಿದು
ಮಾಳಿಗೆ ಎತ್ತಿದ್ದು ಕಡಲು ಕಾಣಲಿಕ್ಕೆ. ಕಾಣುವುದು ಎಂತ?
ತಿಮ್ಮಪ್ಪ ಬೆಳ್ಚಪ್ಪಾಡರ ಕಾಟುಮಾವು.
ಎಲೆ ಬಿದ್ದು ದಂಬೆ ಕಟ್ಟುತ್ತದೆ,
ಒಣಗಲು ಹಾಕಿದ ಬಟ್ಟೆಯೊಳಗೆ ಕೆಂಪಿರುವೆ.
ಮುಖ್ಯ, ನನ್ನ ನೋಟ ಹೋಯಿತು. ಅದನ್ನು ಮೊದಲು ಹಾಕಿ."

ನೋಟಕ್ಕೆ ಮಲಯಾಳದಲ್ಲಿ ಕಾೞ್ಚ.
ನಮ್ಮ ಕಾಗುಣಿತದಲ್ಲಿ ಎಂದೋ ಸತ್ತ ೞ
ಅವರ ಬೇಲಿಯೊಳಗೆ ಇನ್ನೂ ಬದುಕಿ ಉಂಟು.
ನನ್ನ ನಾಲಗೆ ಅದನ್ನು ದಾಟುವುದಿಲ್ಲ, ಕೈ ಬರೆಯುತ್ತದೆ.
ಬರೆದೆ. ಆದರೆ ಕಾೞ್ಚ ಯಾವ ಸರ್ವೆ ನಂಬರಿನಲ್ಲಿ?
ಎಷ್ಟು ಸೆಂಟು? ಕರ ಕಟ್ಟಿದ ರಶೀದಿ ಎಲ್ಲಿ?
ಎಪ್ಪತ್ತು ರೂಪಾಯಿಗೆ ಅಷ್ಟೆಲ್ಲ ಕೇಳುವಂತಿಲ್ಲ.

ಮೂರನೇ ದಿನ ತಿಮ್ಮಪ್ಪ. ರೈಲ್ವೆ ಗ್ಯಾಂಗಿನಲ್ಲಿದ್ದು ನಿವೃತ್ತ.
ಕೂರಲಿಲ್ಲ. ಮೇಜಿನ ಮೇಲೆ ಕಾಗದದ ಪೊಟ್ಟಣ ಬಿಚ್ಚಿದ:
ಮರದ ಹುಡಿ. "ಮೂಸಿ ನೋಡು."
ಇಂಗು.
"ಎದೆಯೆತ್ತರಕ್ಕೆ ಮೂರು ತೂತು, ಅವಳ ಬದಿಯಿಂದ.
ಇಂಗು ತುರುಕಿ ಮೇಣ ಮೆತ್ತಿದ್ದಾಳೆ.
ಬರೆ. ಕೊಲೆ ಅಂತಲೇ ಬರೆ."
ನಾಶನಷ್ಟ ಎಂದು ಬರೆದೆ. ಓದಿ ಹೇಳುವಾಗ
ಕೊಲೆ ಎಂದೇ ಓದಿದೆ.

ಸರ್ವೆಯವರು ಬಂದರು. ಮೂರು ಕಾಲಿನ ಯಂತ್ರಕ್ಕೆ ಕೊಡೆ,
ಮನುಷ್ಯರಿಗೆ ಬಿಸಿಲು.
ಎಲ್ಲಿಂದ ಹಿಡಿದು ನೋಡಿದರೂ ಗೆರೆ
ಕಾಂಡದ ನಟ್ಟನಡುವೆಯೇ ಹಾಯುತ್ತಿತ್ತು.
ಹಳೆಯ ಆಧಾರ ತನ್ನಿ ಎಂದರು. ಎರಡೂ ನನ್ನ ಮೇಜಿಗೇ ಬಂದವು,
ನಾವಿನ್ನೂ ಮಂಗಳೂರಿಗೆ ಸೇರಿದ್ದ ಕಾಲದ್ದು,
ಕನ್ನಡದಲ್ಲಿ, ಉಸಿರು ಬಿಡದ ಒಂದೇ ವಾಕ್ಯ.
ತಿಮ್ಮಪ್ಪನದ್ದು: ಮೂಡಲು, ಕಾಟುಮಾವು.
ಸಿಸಿಲಿಯಾಳದ್ದು: ಪಡುವಲು, ಕಾಟುಮಾವು.
ಕಲ್ಲಿಲ್ಲ, ಕಟ್ಟಪುಣಿ ಇಲ್ಲ. ಮರವೇ ಗಡಿ.
ಮರ ಯಾರದ್ದೆಂದು ಯಾರೂ ಬರೆದಿಲ್ಲ.
ಗಡಿಗೊಬ್ಬ ಯಜಮಾನ ಬೇಕೆಂದು
ಆಗಿನವರಿಗೆ ಹೊಳೆಯಲಿಲ್ಲವೋ,
ಹೊಳೆದೂ ಸುಮ್ಮನಿದ್ದರೋ.

ಆ ವರ್ಷ ಕಾಟುಮಾವಿಗೆ ಹುಚ್ಚು ಹಿಡಿಯಿತು.
ಎಲೆ ಕಾಣದಷ್ಟು ಮಿಡಿ, ಎರಡೂ ಅಂಗಳಕ್ಕೆ ಬಾಗಿ.
"ದೈವ ಕಣ್ಣು ಬಿಟ್ಟಿತು" ಎಂದ ತಿಮ್ಮಪ್ಪ.
ಸಾಯುವ ಮರ ಹಾಗೆ ಬಿಡುತ್ತದೆ. ನನಗೆ ಗೊತ್ತಿತ್ತು.
ಅವನ ಅರ್ಜಿಯಲ್ಲೂ ಬರೆಯಲಿಲ್ಲ, ಅವಳದ್ದರಲ್ಲೂ.

ಮಳೆಗೆ ಮುಂಚೆ ಸಿಸಿಲಿಯಾ ಒಂದು ಬಾಟ್ಲಿ ತಂದಿಟ್ಟಳು.
ಮಿಡಿ ಉಪ್ಪಿನಕಾಯಿ. "ನನ್ನ ಬದಿಯ ಗೆಲ್ಲಿನದ್ದು ಮಾತ್ರ,"
ಕೇಳದೆಯೇ ಹೇಳಿದಳು. ಕಚ್ಚಿದೆ.
ಸೊನೆಯ ಪರಿಮಳ ಸರಿ, ಉಪ್ಪು ಸರಿ. ಏನೋ ಕಡಿಮೆ.
"ಇಂಗು ಹಾಕಲಿಲ್ಲವಾ?"
ಕೊಡೆ ಬಿಚ್ಚಿದಳು. "ಮುಗಿದಿತ್ತು."

ಈಗ ಮಾಳಿಗೆಯಿಂದ ಒಂದು ಸೀಳು ಕಡಲು ಕಾಣುತ್ತದಂತೆ,
ಬೆಳಗಿನ ರೈಲಿನ ಬೆನ್ನೂ.
ನನ್ನ ಮುಂದೆ ಮತ್ತೆ ಅವಳ ಕಾಗದ: ಹೊಸ ಆಧಾರಕ್ಕೆ
ನಾಲ್ಕು ದಿಕ್ಕು ಬರೆಯಬೇಕು, ಮಲಯಾಳದಲ್ಲಿ.
ಮೂಡಲು, ಪಂಚಾಯತು ದಾರಿ. ತೆಂಕಲು, ತೋಡು.
ಬಡಗಲು, ಮುರಕಲ್ಲಿನ ಪಾಗಾರ.
ಪಡುವಲು...
ಪೆನ್ನು ನಿಂತಿದೆ. ಮರ ಹೊರಟಿದೆ.
ಅದು ಹೋದ ಮೇಲೆ ಅವಳ ಪಡುವಲು
ಕಡಲೇ,
ನಡುವೆ, ಹಿತ್ತಿಲ ಬಾಗಿಲಲ್ಲಿ ನಿಂತು ಇನ್ನೂ ಅಂಗೈ ಮೂಸುತ್ತಿರುವ
ತಿಮ್ಮಪ್ಪನೊಬ್ಬನನ್ನು ಬಿಟ್ಟರೆ.